ಚಕ್ರಪಾಣಿಯವರು ಬಿಗಿದ ಸ್ಕ್ರೂ

ಚಕ್ರಪಾಣಿಯವರ ಕಣ್ಣಿಗೆ ಸಡಿಲವಾದದ್ದು ಯಾವುದೂ ಬೀಳಬಾರದು. ಬಿತ್ತೋ, ಮುಗಿಯಿತು, ಜೇಬಿನಿಂದ ಸ್ಕ್ರೂಡ್ರೈವರ್ ಹೊರಗೆ. ಕುರ್ಚಿಯ ಕಾಲು, ಫ್ಯಾನಿನ ರೆಗ್ಯುಲೇಟರು, ನೋಟಿಸ್ ಬೋರ್ಡಿನ ಕೀಲು, ಒಮ್ಮೆ ಪ್ರಿನ್ಸಿಪಾಲರ ಕಾರಿನ ನಂಬರ್ ಪ್ಲೇಟು ಕೂಡ ಅವರ ಕೈಯಲ್ಲಿ ಬಿಗಿಯಾಗಿದೆ. ಗೋವಿಂದರಾಜನಗರದ ಅವರ ಮನೆಯಲ್ಲಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಬೇಕಾದರೆ ಹೆಂಡತಿ ಸೀತಮ್ಮ ಅಕ್ಕಪಕ್ಕದವರನ್ನು ಕೂಗಬೇಕಂತೆ. ಮನುಷ್ಯ ಮಾತ್ರ ಅಪ್ಪಟ ಚಿನ್ನ. ಆದರೆ ಚಿನ್ನದ ಕತ್ತಿ ಅಂತ ಕುತ್ತಿಗೆ ಕೊಯ್ದುಕೊಳ್ಳಲು ಆಗುತ್ತದೆಯೇ, ನೀವೇ ಹೇಳಿ.

ಈ ಕಥೆಯಲ್ಲಿ ಕತ್ತಿಯ ಕೆಳಗೆ ಸಿಕ್ಕಿದ ಕುತ್ತಿಗೆ ಮೇಧಾಳದು. ಮೇಧಾ ಕೆಂಗೇರಿ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾಳೆ. ಅದೇ ಕಾಲೇಜಿನ ಪ್ರೊಫೆಸರ್ ಚಕ್ರಪಾಣಿಯವರ ಕೈಕೆಳಗೆ ಆರು ವರ್ಷಗಳಿಂದ ಪಿಎಚ್‌ಡಿಗೆ ದುಡಿಯುತ್ತಿದ್ದಾಳೆ. ಬೆಳಿಗ್ಗೆ ಆರ್‌ಪಿಸಿ ಲೇಔಟಿನ ಮನೆಯಲ್ಲಿ ಕುಕ್ಕರ್ ಇಳಿಸಿ, ಗಂಡ ಶ್ರೀಶನಿಗೂ ತನಗೂ ಡಬ್ಬಿ ಕಟ್ಟಿ, ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದರೆ ಮತ್ತೆ ಮನೆ ಕಾಣುವುದು ಸಂಜೆಗೆ. ಕ್ಲಾಸುಗಳ ನಡುವೆ ಸಿಕ್ಕ ಪುರುಸೊತ್ತೆಲ್ಲ ಲ್ಯಾಬಿಗೆ. "ಇನ್ನೂ ಮುಗೀಲಿಲ್ವೇನೇ ನಿನ್ನ ಓದು?" ಎಂದು ಕೇಳದ ನೆಂಟರೇ ಇಲ್ಲ. ಕೇಳಿದವರಿಗೆ ಉತ್ತರ ಹೇಳುವುದನ್ನು ಅವಳು ಯಾವತ್ತೋ ಬಿಟ್ಟಿದ್ದಳು.

ಅವಳ ಕೆಲಸ ಏನೆಂದು ಸ್ವಲ್ಪ ಹೇಳಿಬಿಡುತ್ತೇನೆ, ಗಾಬರಿಯಾಗಬೇಡಿ, ಪರೀಕ್ಷೆ ಇಡುವುದಿಲ್ಲ. ಸ್ಟ್ರಾನ್ಷಿಯಂ ಟೈಟನೇಟ್ ಎಂಬ ಆಕ್ಸೈಡ್ ಇದೆ. ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ ಅದರ ತೆಳು ಹರಳಿನ ಮೇಲಕ್ಕೂ ಕೆಳಕ್ಕೂ ಬೆಳ್ಳಿ ಬಳಿದು ತಂತಿ ಮುಟ್ಟಿಸಿದರೆ ಅದು ವಿದ್ಯುತ್ತಿನ ಚಾರ್ಜನ್ನು ಹಿಡಿದಿಟ್ಟುಕೊಳ್ಳುತ್ತದೆ. ಬರೀ ಖಾಲಿ ಜಾಗಕ್ಕಿಂತ ಎಷ್ಟು ಪಟ್ಟು ಹೆಚ್ಚು ಹಿಡಿಯುತ್ತದೆ ಎನ್ನುವುದೇ ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ. ದ್ರವ ಸಾರಜನಕದಲ್ಲಿ ಅದ್ದಿ ಕೊರೆಯುವಂತೆ ತಣ್ಣಗೆ ಮಾಡಿದರೆ ಈ ಹರಳಿನ ಸಂಖ್ಯೆ ಎರಡು ಸಾವಿರದ ಹತ್ತಿರ ಹೋಗುತ್ತದೆ. ಹರಳನ್ನು ಕುಲುಮೆಯಲ್ಲಿ ಒಂದು ಹದಕ್ಕೆ ಬೇಯಿಸಿದರೆ ಸಂಖ್ಯೆ ಇನ್ನೂ ಏರೀತು ಎನ್ನುವುದು ಗುರುವಿನ ಆಸೆ, ಶಿಷ್ಯೆಯ ಪ್ರಬಂಧ. ಹಾಗಾಗಿ ಲ್ಯಾಬಿನಲ್ಲಿ ಎರಡು ಜಾತಿಯ ಹರಳುಗಳು. ಬೇಯಿಸದೆ ಇದ್ದದ್ದು ಹಸೀದು, ಬೇಯಿಸಿದ್ದು ಬೆಂದದ್ದು.

ಹರಳನ್ನು ಹಿಡಿಯುವ ಹಿತ್ತಾಳೆಯ ಹಿಡಿಕೆಯನ್ನು ಚಕ್ರಪಾಣಿಯವರೇ ಡ್ರಾಯಿಂಗ್ ಬರೆದು ರಾಜಾಜಿನಗರದ ಲೇತ್ ವರ್ಕ್‌ಶಾಪಿನಲ್ಲಿ ಮಾಡಿಸಿದ್ದರು. ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಾಗೆ ಅದು. ಹಿಂದೆ ಅದುಮಿದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ಹರಳನ್ನು ಎಡಬಲದಿಂದ ಕಚ್ಚಿಕೊಳ್ಳುತ್ತದೆ. ಒಳಗಿನ ಸ್ಪ್ರಿಂಗ್ ಎಷ್ಟು ಜೋರಾಗಿ ಕಚ್ಚಬೇಕು ಎಂಬುದನ್ನು ಹಿಂಬದಿಯ ಒಂದು ಸಣ್ಣ ಸ್ಕ್ರೂ ತೀರ್ಮಾನಿಸುತ್ತದೆ. ಆ ಸ್ಕ್ರೂ ವರ್ಷಗಳಿಂದ ಅರ್ಧಕ್ಕೇ ನಿಂತಿತ್ತು. ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಈ ಸಲದ ಆಯುಧಪೂಜೆಯ ದಿನ ಬಿತ್ತು.

ಆಯುಧಪೂಜೆ ಎಂದರೆ ಆ ಲ್ಯಾಬಿನಲ್ಲಿ ಮದುವೆಮನೆ. ಅಟೆಂಡರ್ ದ್ಯಾಮಪ್ಪ ಬಾಗಲಕೋಟೆ ಕಡೆಯವನು. ಬಾಗಿಲಿಗೆ ಬಾಳೆಕಂದು ಕಟ್ಟಿ, ಹರಳಿನ ಸಂಖ್ಯೆ ತೋರಿಸುವ ಮೀಟರಿಗೆ ವಿಭೂತಿ ಎಳೆದು, ಕುಲುಮೆಗೆ ಚೆಂಡುಹೂವಿನ ಹಾರ ಹಾಕುವುದು ಅವನ ಪಾಲು. ಅದಕ್ಕೆ ಮೊದಲು ಒಂದೊಂದು ಯಂತ್ರವನ್ನೂ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಸ್ಕ್ರೂ ಬಿಗಿಯುವುದು ಚಕ್ರಪಾಣಿಯವರ ಪಾಲು. "ಪೂಜೆಗೆ ಕೂರೋ ಯಂತ್ರ ಗಡಗಡ ಅನ್ನಬಾರ್ದು ಕಣಮ್ಮ" ಎನ್ನುತ್ತಾ ಅವರು ಈ ಸಲ ಹಿತ್ತಾಳೆ ಹಿಡಿಕೆಯನ್ನೂ ಕೈಗೆತ್ತಿಕೊಂಡರು. ಹಿಂಬದಿಯ ಸ್ಕ್ರೂ ಅರ್ಧಕ್ಕೆ ನಿಂತದ್ದು ಕಂಡು "ಅಯ್ಯೋ ರಾಮ, ಇದನ್ನ ಹೀಗೇ ಬಿಟ್ಟಿದೀರಲ್ಲ!" ಎಂದು ಕೊನೆಯವರೆಗೂ ತಿರುಗಿಸಿದರು. ಎಲ್ಲರೂ ನೋಡುತ್ತಲೇ ಇದ್ದರು. ಮೇಧಾ ಕಡ್ಲೆಪುರಿ ಪೊಟ್ಟಣ ಕಟ್ಟುತ್ತಿದ್ದಳು. ಬೂದುಗುಂಬಳಕಾಯಿ ಒಡೆದದ್ದಾಯಿತು, ಎಲ್ಲರೂ ಮನೆಗೆ ಹೋದರು.

ಹಬ್ಬದ ರಜೆ ಕಳೆದು, ಹೊಸ ಹದದಲ್ಲಿ ಬೇಯಿಸಿದ ಮೊದಲನೇ ಹರಳನ್ನು ಸಾರಜನಕಕ್ಕೆ ಇಳಿಸಿದಾಗ ಮೀಟರಿನಲ್ಲಿ ಸಂಖ್ಯೆ ಎರಡೂವರೆ ಸಾವಿರದ ಹತ್ತಿರ ಹೋಗಿ ನಿಂತಿತು. ಮೇಧಾ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದಳು. ಇನ್ನೊಂದು ಬೆಂದದ್ದನ್ನು ಇಟ್ಟರೂ ಅದೇ. ಚಕ್ರಪಾಣಿಯವರು ಓಡಿ ಬಂದರು. ಮೂವತ್ತು ವರ್ಷ ಪಾಠ ಹೇಳಿದ ಮನುಷ್ಯ, ಇಂಥದ್ದೊಂದು ತಮ್ಮ ಲ್ಯಾಬಿನಲ್ಲಿ ಆಗಲಿ ಎಂದು ಕಾದು ಕಾದು ಕೂದಲು ಉದುರಿಸಿಕೊಂಡವರು, ಮೀಟರಿನ ಮುಂದೆ ಕೈ ಮುಗಿದುಬಿಟ್ಟರು. ಅವತ್ತು ಇಡೀ ವಿಭಾಗಕ್ಕೆ ಮೈಸೂರು ಪಾಕು. ಡಿಸೆಂಬರಿಗೆ ಅವರ ನಿವೃತ್ತಿ. ಗೈಡ್ ನಿವೃತ್ತರಾಗುವುದರೊಳಗೆ ಪ್ರಬಂಧದ ಸಾರಾಂಶವನ್ನು ಸಮಿತಿ ಒಪ್ಪಬೇಕು, ಇಲ್ಲವೆಂದರೆ ಹೊಸ ಗೈಡು, ಹೊಸ ನೋಂದಣಿ, ಮೊದಲಿನಿಂದ ಶುರು. ಸಾರಾಂಶ ಮಂಡನೆಗೆ ಡಿಸೆಂಬರಿನ ಒಂದು ಸೋಮವಾರ ಗೊತ್ತಾಯಿತು. ಹೊರಗಿನ ತಜ್ಞರಾಗಿ ಡಾಕ್ಟರ್ ಮುನಿರಾಮಯ್ಯನವರು ಬರುವವರಿದ್ದರು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವರೆಂದು ಅವರಿಗೆ ಹೆಸರು.

ಆ ಸೋಮವಾರದ ಹಿಂದಿನ ಶುಕ್ರವಾರ ಮೇಧಾಳಿಗೆ ಒಂದು ಯೋಚನೆ ಬಂತು. ಹಸಿ ಹರಳಿನ ಅಳತೆಯೆಲ್ಲ ಹಬ್ಬಕ್ಕೆ ಮುಂಚಿನದು. ಮುನಿರಾಮಯ್ಯನವರು ಕೇಳಿದರೆ ಇರಲಿ ಎಂದು ಒಂದು ಹಸೀದನ್ನು ಹೊಸದಾಗಿ ಅಳೆದಿಟ್ಟುಕೊಳ್ಳೋಣ. ಹಿಡಿಕೆಗೆ ಸಿಕ್ಕಿಸಿ, ಸಾರಜನಕಕ್ಕೆ ಇಳಿಸಿ, ಕೊತಕೊತ ಕುದಿಯುವುದು ನಿಲ್ಲುವವರೆಗೆ ಕಾದಳು.

ಎರಡೂವರೆ ಸಾವಿರದ ಹತ್ತಿರ!

ಹೊರತೆಗೆದು, ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ, ಒರೆಸಿ, ಮತ್ತೆ ಇಳಿಸಿದಳು. ಅದೇ. ಇನ್ನೊಂದು ಹಸೀದು. ಅದೇ. ಬೇಯಿಸದ ಹರಳೂ ಅಷ್ಟೇ ಏರುವುದಾದರೆ ಆರು ವರ್ಷ ಕುಲುಮೆಯ ಮುಂದೆ ಕೂತು ಬೇಯಿಸಿದ್ದು ಏನನ್ನು? ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತಲ್ಲ!

"ಊಟಾ ಆತೇನ್ರೀ ಮೇಡಂ?" ದ್ಯಾಮಪ್ಪ ಬಾಗಿಲಲ್ಲಿ ಇಣುಕಿದ. "ಮಾರಿ ಯಾಕ ಹಿಂಗ ಆಗೇತ್ರಿ?"

"ಏನಿಲ್ಲ ದ್ಯಾಮಪ್ಪ, ನೀವು ಹೋಗಿ" ಎಂದಳು. ಹರಳನ್ನು ತೆಗೆಯಲು ಹಿಡಿಕೆಯ ಹಿಂಭಾಗ ಅದುಮಿದಳು. ಹೆಬ್ಬೆರಳು ನೋಯಿತು. ಹಬ್ಬಕ್ಕೆ ಮುಂಚೆ ಇಷ್ಟು ನೋಯುತ್ತಿರಲಿಲ್ಲ. ಹಿಡಿಕೆ ತಿರುಗಿಸಿ ನೋಡಿದರೆ ಸ್ಕ್ರೂ ಕೊನೆಯವರೆಗೂ ಒಳಗೆ ಹೋಗಿ ಕೂತಿತ್ತು, ತಲೆಯ ಮೇಲೆ ಪೂಜೆಯ ಕುಂಕುಮ ಇನ್ನೂ ಅಂಟಿತ್ತು. ಬದಲಾದದ್ದು ಹರಳಲ್ಲ, ಹಿಡಿತ.

ಈ ಮಾತು ಅವಳನ್ನು ಬಿಟ್ಟರೆ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಸುಮ್ಮನಿದ್ದುಬಿಟ್ಟರೆ ಸೋಮವಾರ ಚಪ್ಪಾಳೆ. ಆ ಆಸೆ ಅವಳಿಗೆ ಬರಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಬಂತು, ಚೆನ್ನಾಗಿಯೇ ಬಂತು. ನೀರು ಕುಡಿದು, ಮುಖ ತೊಳೆದುಕೊಂಡು, ನೇರವಾಗಿ ಚಕ್ರಪಾಣಿಯವರ ರೂಮಿಗೆ ಹೋದಳು.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮುಖ ಕೆಂಪಾಯಿತು.

"ಒತ್ತಿದ್ರೆ ಏರತ್ತೆ ಅಂತೀಯಾ? ಯಾವ ಪುಸ್ತಕದಲ್ಲಿ ಓದಿದೆ? ಈ ಹರಳನ್ನ ಒತ್ತಿದ್ರೆ ಸಂಖ್ಯೆ ಇಳಿಯತ್ತೆ ಕಣಮ್ಮ, ಏರಲ್ಲ! ನಾನು ನಿನ್ನ ವಯಸ್ಸಲ್ಲಿ ಎಣ್ಣೆಯೊಳಗೆ ಇಟ್ಟು ಒತ್ತಡ ಕೊಟ್ಟು ಅಳೆದೋನು. ಇಳಿದಿದ್ದನ್ನ ಈ ಕಣ್ಣಲ್ಲೇ ನೋಡಿದೀನಿ. ನಾನು ಸ್ಕ್ರೂ ಬಿಗಿ ಮಾಡಿದ್ದಕ್ಕೆ ಏರ್ತು ಅಂದ್ರೆ ನಾಳೆ ನನ್ನ ಮೊಮ್ಮಗಳೂ ನಗ್ತಾಳೆ."

"ಸಾರ್, ಆದ್ರೆ ಹಸೀದೂ..."

"ಮೀಟರ್ ಕೆಟ್ಟಿರತ್ತೆ. ತಂತಿ ನೋಡು. ಸೋಮವಾರ ಇಟ್ಕೊಂಡು ಅಪಶಕುನ ನುಡೀಬೇಡ, ಹೋಗು."

ಗುರುವಿನ ಮಾತು ಸುಳ್ಳಲ್ಲ, ಅದೇ ತಲೆನೋವು. ಒತ್ತಿದರೆ ಇಳಿಯುತ್ತದೆ ಎಂದು ಅವಳೇ ಎಷ್ಟೋ ಸಲ ಓದಿದ್ದಾಳೆ. ಹಾಗಾದರೆ ಇದು ಯಾಕೆ ಏರಿತು? ಸಂಜೆ ಕೆಂಗೇರಿಯಲ್ಲಿ ಮೆಟ್ರೋ ಹತ್ತಿದಾಗಲೂ ಅದೇ ಪ್ರಶ್ನೆ. ನಾಯಂಡಹಳ್ಳಿ ದಾಟುವಷ್ಟರಲ್ಲಿ ಬೋಗಿ ತುಂಬಿ ತುಳುಕಿತು. ಎಡಕ್ಕೊಬ್ಬ ದಪ್ಪನೆಯ ಹೆಂಗಸು, ಬಲಕ್ಕೆ ಇನ್ನೊಬ್ಬರ ಬ್ಯಾಗು. ಎರಡೂ ಕಡೆಯಿಂದ ಅದುಮಿಸಿಕೊಂಡು ಮೇಧಾ ಮಿಸುಕಾಡಲೂ ಆಗದೆ ನಿಂತಳು. ಡಬ್ಬಿಯ ಚೀಲ ಹಿಡಿದ ಕೈಯನ್ನು ಎಡಕ್ಕೆ ಒಯ್ಯಲಾಗದು, ಬಲಕ್ಕೆ ಒಯ್ಯಲಾಗದು. ಕೊನೆಗೆ ಮೇಲಕ್ಕೆತ್ತಿದಳು. ಸಲೀಸಾಗಿ ಎದ್ದಿತು.

ಎತ್ತಿದ ಕೈ ಎತ್ತಿದ ಹಾಗೇ ಉಳಿಯಿತು.

ಎಣ್ಣೆಯಲ್ಲಿಟ್ಟು ಒತ್ತುವುದೆಂದರೆ ಆರೂ ದಿಕ್ಕಿನಿಂದ ಒತ್ತುವುದು. ಹರಳಿನೊಳಗೆ ಆಕ್ಸಿಜನ್ ಪರಮಾಣುಗಳ ಪಂಜರದ ನಡುವೆ ಒಂದು ಟೈಟಾನಿಯಂ ಪರಮಾಣು ಕೂತಿರುತ್ತದೆ. ವಿದ್ಯುತ್ತು ಕೊಟ್ಟಾಗ ಅದು ಮೇಲಕ್ಕೋ ಕೆಳಕ್ಕೋ ಒಂದಿಷ್ಟು ಸರಿಯುತ್ತದೆ. ಎಷ್ಟು ಸಲೀಸಾಗಿ ಸರಿಯುತ್ತದೋ ಸಂಖ್ಯೆ ಅಷ್ಟು ದೊಡ್ಡದು. ಎಲ್ಲ ಕಡೆಯಿಂದ ಒತ್ತಿದರೆ ಪಂಜರವೇ ಕುಗ್ಗಿ ಪರಮಾಣುವಿಗೆ ಜಾಗವಿಲ್ಲ, ಸಂಖ್ಯೆ ಇಳಿಯುತ್ತದೆ. ಆದರೆ ಹಿತ್ತಾಳೆ ಹಿಡಿಕೆ ಒತ್ತುವುದು ಪಕ್ಕದಿಂದ ಮಾತ್ರ! ಪಕ್ಕದಿಂದ ಅದುಮಿದರೆ ಪಂಜರ ಮೇಲೆ ಕೆಳಗೆ ಹಿಗ್ಗುತ್ತದೆ. ಅಳತೆಯೂ ಮೇಲೆ ಕೆಳಗಿನದೇ. ಗುರುಗಳೂ ಸರಿ, ಮೀಟರೂ ಸರಿ.

"ಮೇಡಂ, ಕೈ ಇಳಿಸ್ತೀರಾ? ಚೀಲ ತಲೆಗೆ ತಾಗ್ತಿದೆ" ಎಂದರು ಹಿಂದಿನವರು.

ಅತ್ತಿಗುಪ್ಪೆ ಬಂತು, ಅವಳು ಇಳಿಯಲಿಲ್ಲ. ವಿಜಯನಗರದಲ್ಲಿ ಇಳಿದು ಆಟೋ ಹಿಡಿದು ಗೋವಿಂದರಾಜನಗರಕ್ಕೆ ಹೋದಳು.

ಬಾಗಿಲು ತೆಗೆದ ಸೀತಮ್ಮ ಅವಳ ಮುಖ ನೋಡಿಯೇ ಕಾಫಿಗೆ ಇಟ್ಟರು. ಚಕ್ರಪಾಣಿಯವರು ಹಜಾರದಲ್ಲಿ ಟಿವಿ ಹಾಕದೆ ಕೂತಿದ್ದರು. ಮೇಧಾ ನಿಂತಲ್ಲೇ ಎಲ್ಲ ಹೇಳಿದಳು. ಪಂಜರವನ್ನು ಎರಡೂ ಅಂಗೈ ಸೇರಿಸಿ ಮಾಡಿ ತೋರಿಸಿದಳು. ಮುಗಿದ ಮೇಲೆ ಚಕ್ರಪಾಣಿಯವರು ತಮ್ಮ ಅಂಗೈಗಳನ್ನೂ ಹಾಗೇ ಸೇರಿಸಿ, ಪಕ್ಕದಿಂದ ಅದುಮಿ ನೋಡಿದರು.

"ಇವರು ಬಿಗಿ ಮಾಡಿ ಮಾಡಿ ಬಚ್ಚಲುಮನೆ ನಲ್ಲಿಯ ವಾಷರ್ ಎಷ್ಟು ಹೋಗಿದೆ ಗೊತ್ತೇನಮ್ಮ?" ಎಂದರು ಸೀತಮ್ಮ, ಮಾತು ಹಗುರ ಮಾಡಲು.

"ನೀನು ಸುಮ್ನಿರೇ" ಎಂದರು ಚಕ್ರಪಾಣಿ. ದನಿಯಲ್ಲಿ ಸಿಟ್ಟಿರಲಿಲ್ಲ. "ಮೇಧಾ, ನಾನು ಊರೆಲ್ಲಾ ಫೋನ್ ಮಾಡಿ ಹೇಳಿದೀನಲ್ಲಮ್ಮ. ಹಾಗಾದ್ರೆ ಆ ಸಂಖ್ಯೆ ಸುಳ್ಳಾ?"

"ಸಂಖ್ಯೆ ಸುಳ್ಳಲ್ಲ ಸಾರ್. ಹರಳು ನಿಜಾನೇ ಹೇಳಿದೆ. ನಾವು ಅದಕ್ಕೆ ತಪ್ಪು ಕಾರಣ ಕೊಟ್ವಿ."

"ಕುಲುಮೆದೆಲ್ಲ ದಂಡ?"

ಅವಳು ಹೌದೆಂದು ತಲೆಯಾಡಿಸಿದಳು. ಆರು ವರ್ಷದಲ್ಲಿ ಮೊದಲ ಸಲ ಅವಳು ಗುರುಗಳ ಮುಂದೆ ಅತ್ತಳು. ಚಕ್ರಪಾಣಿಯವರು ಏನು ಮಾಡಬೇಕೋ ತೋಚದೆ ಬಿಸ್ಕತ್ತಿನ ಡಬ್ಬಿಯನ್ನು ಅವಳತ್ತ ತಳ್ಳಿದರು. ಅದರ ಮುಚ್ಚಳ ಯಥಾಪ್ರಕಾರ ಬಿಗಿಯಾಗಿತ್ತು, ಇಬ್ಬರಿಗೂ ತೆಗೆಯಲು ಬರಲಿಲ್ಲ. ಸೀತಮ್ಮ ನಕ್ಕರು. ಮೇಧಾಳಿಗೂ ಅಳುವಿನ ನಡುವೆ ನಗು ಬಂತು.

"ನಾಳೆ ಬೆಳಿಗ್ಗೆ ಲ್ಯಾಬಿಗೆ ಬಾ" ಎಂದರು ಅವರು. "ನೋಡೇಬಿಡೋಣ."

ಶನಿವಾರ ದ್ಯಾಮಪ್ಪ ಸಾರಜನಕದ ಕ್ಯಾನು ಹೊತ್ತು ತಂದ. ಚಕ್ರಪಾಣಿಯವರು ಜೀವನದಲ್ಲಿ ಮೊದಲ ಸಲ, ಸಡಿಲ ಬಿಡಲೆಂದೇ ಸ್ಕ್ರೂಡ್ರೈವರನ್ನು ಎಡಕ್ಕೆ ತಿರುಗಿಸಿದರು. ಅವರಿಗೆ ಅದು ಎಷ್ಟು ಸಂಕಟದ ಕೆಲಸವೆಂದು ಮುಖವೇ ಹೇಳುತ್ತಿತ್ತು. ಸ್ಕ್ರೂ ಅರ್ಧಕ್ಕೆ ಬಂತು. ಹಸಿ ಹರಳು ಒಳಗೆ ಹೋಯಿತು. ಸಂಖ್ಯೆ ಎರಡು ಸಾವಿರದ ಒಳಗೆ. ಬೆಂದದ್ದೂ ಅಷ್ಟೇ, ಒಂದು ಕೂದಲೂ ಹೆಚ್ಚಿಲ್ಲ. ಕುಲುಮೆಯ ಕಥೆ ಅಲ್ಲಿಗೆ ಮುಗಿಯಿತು.

"ಕಾಲು ಸುತ್ತು ಬಿಗಿ ಮಾಡಿ ಸಾರ್" ಎಂದಳು ಮೇಧಾ.

ತೆಗೆದು, ಬೆಚ್ಚಗೆ ಮಾಡಿ, ಕಾಲು ಸುತ್ತು ಬಿಗಿದು, ಮತ್ತೆ ಇಳಿಸಿದರು. ಸಂಖ್ಯೆ ಏರಿತು. ಇನ್ನೊಂದು ಕಾಲು. ಇನ್ನಷ್ಟು ಏರಿತು. ಮಧ್ಯಾಹ್ನ ಕಳೆದು ಸ್ಕ್ರೂ ಕೊನೆ ಮುಟ್ಟುವ ಹೊತ್ತಿಗೆ ಮೀಟರು ಎರಡೂವರೆ ಸಾವಿರದ ಹತ್ತಿರ ಬಂದು ಕೂತಿತ್ತು. "ಈಗ ವಾಪಸ್ ಸಡಿಲ ಮಾಡಿ" ಎಂದಳು. ಮಾಡಿದಂತೆಲ್ಲ ಬಂದ ಮೆಟ್ಟಿಲನ್ನೇ ಇಳಿದ ಹಾಗೆ ಇಳಿಯಿತು. ಆರು ವರ್ಷ ಅವಳು ಹೇಳಿದ್ದೊಂದನ್ನೂ ಕೇಳದ ಹರಳು ಇವತ್ತು ಹೇಳಿದ ಹಾಗೆ ಕೇಳುತ್ತಿತ್ತು.

"ಸೋಮವಾರ ಇದನ್ನೇ ತೋರಿಸ್ತೀನಿ ಸಾರ್."

"ನೋಂದಣಿ ಆಗಿರೋ ಶೀರ್ಷಿಕೆ ಬೇಯಿಸೋದರ ಮೇಲೆ ಇದೆ ಕಣಮ್ಮ. ಮುನಿರಾಮಯ್ಯ ಸಾಮಾನ್ಯದೋರಲ್ಲ, ಎತ್ತಿ ಎಸೀಬಹುದು. ಆಗ ಎಲ್ಲಾ ಮೊದಲಿಂದ."

"ಗೊತ್ತು ಸಾರ್."

ಅವರು ಅವಳನ್ನೇ ನೋಡಿದರು. "ಸರಿ. ಉಪ್ಪು ತಿಂದೋನು ನೀರು ಕುಡೀಲೇಬೇಕು. ಮೊದಲ ಮಾತು ನಾನಾಡ್ತೀನಿ."

ಸೋಮವಾರ ಸೆಮಿನಾರ್ ಹಾಲು ತುಂಬಿತ್ತು. ಮೈಸೂರು ಪಾಕು ತಿಂದವರೆಲ್ಲ ಬಂದಿದ್ದರು. ಮುನಿರಾಮಯ್ಯನವರು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಚಕ್ರಪಾಣಿ ಎದ್ದು ನಿಂತು, "ಈ ಹುಡುಗಿ ಮಾತಾಡೋಕೆ ಮುಂಚೆ ಒಂದು ವಿಷಯ. ನಾನು ನಿಮಗೆಲ್ಲ ಹೇಳಿದ ಫಲಿತಾಂಶ ತಪ್ಪು. ಆಯುಧಪೂಜೆ ದಿನ ಹಿಡಿಕೆಯ ಸ್ಕ್ರೂ ಬಿಗಿ ಮಾಡಿ ಹಾಳುಮಾಡಿದ್ದು ನಾನು. ಕಂಡುಹಿಡಿದಿದ್ದು ಅವಳು. ನಾನು ಬೈದೆ ಕೂಡ" ಎಂದು ಕೂತುಬಿಟ್ಟರು. ಹಾಲಿನಲ್ಲಿ ಗುಸುಗುಸು ಎದ್ದಿತು.

ಮೇಧಾ ಮಾತಾಡಿದಳು. ಶನಿವಾರದ ಸಂಖ್ಯೆಗಳನ್ನು ಒಂದೊಂದಾಗಿ ತೋರಿಸಿ, ಪಂಜರದ ಚಿತ್ರ ಹಾಕಿ ಬಿಡಿಸಿ ಹೇಳಿದಳು. ಮುಗಿದ ಮೇಲೆ ಮುನಿರಾಮಯ್ಯನವರು ಗಂಟಲು ಸರಿಮಾಡಿಕೊಂಡರು.

"ಅಂದ್ರೆ ಬೇಯಿಸಿದ್ದರಿಂದ ಏನೂ ಆಗಿಲ್ಲ?"

"ಏನೂ ಆಗಿಲ್ಲ ಸಾರ್."

"ಸುತ್ತು ಎಣಿಸಿದೀರಿ. ಹರಳಿನ ಮೇಲೆ ಬಿದ್ದ ಬಲ ಎಷ್ಟು?"

"ಗೊತ್ತಿಲ್ಲ ಸಾರ್. ಅದನ್ನ ಅಳೆಯೋ ವ್ಯವಸ್ಥೆ ಇನ್ನು ಮಾಡ್ಬೇಕು."

"ನನಗೆ ಲ್ಯಾಬ್ ತೋರಿಸಿ."

ಲ್ಯಾಬಿನಲ್ಲಿ ಅವರು ಕೋಟು ಬಿಚ್ಚಿ ದ್ಯಾಮಪ್ಪನ ಕೈಗೆ ಕೊಟ್ಟು, ಸ್ಕ್ರೂ ತಾವೇ ಸಡಿಲಿಸಿದರು. ಇಳಿಸಿ ಸಂಖ್ಯೆ ನೋಡಿದರು. ಆಮೇಲೆ ಬಿಗಿದು ಮತ್ತೆ ಇಳಿಸಿ, ಮೀಟರು ಏರುವುದನ್ನು ಬಾಯಿ ಅರ್ಧ ತೆರೆದುಕೊಂಡು ನೋಡಿದರು. ಕೋಪದ ಮನುಷ್ಯನ ಮುಖದಲ್ಲಿ ಹೊಸ ಆಟಿಕೆ ಸಿಕ್ಕ ಖುಷಿ ಬಂತು. "ನಂಗೊಂದ್ಸಲ ಕೊಡಿ ಸಾರ್" ಎಂದು ಪ್ರಿನ್ಸಿಪಾಲರೂ ಕೈ ಚಾಚಿದರು.

ಕೊನೆಗೆ ಮುನಿರಾಮಯ್ಯನವರು ಸ್ಟೂಲಿನ ಮೇಲೆ ಕೂತರು.

"ಶುಕ್ರವಾರ ಇದು ಗೊತ್ತಾದಾಗ ಇನ್ನ್ಯಾರಿಗೆ ಗೊತ್ತಿತ್ತಮ್ಮ?"

"ಯಾರಿಗೂ ಇಲ್ಲ ಸಾರ್."

"ನೀವು ಸುಮ್ನಿದ್ದಿದ್ರೆ ನಾನು ಇವತ್ತು ಹತ್ತು ನಿಮಿಷಕ್ಕೆ ಸಹಿ ಹಾಕಿ ಊಟಕ್ಕೆ ಹೋಗ್ತಿದ್ದೆ."

"ಹೌದು ಸಾರ್."

ಅವರು ಪೆನ್ನು ತೆಗೆದರು. "ಶೀರ್ಷಿಕೆ ಬದಲಾಯಿಸೋಕೆ ನಾನು ಶಿಫಾರಸು ಬರೀತೀನಿ, ನೋಂದಣಿ ಹಳೇದೇ ಇರ್ಲಿ. ಬಲ ಅಳೆಯೋ ವ್ಯವಸ್ಥೆ ಆಗ್ಲೇಬೇಕು, ಅದಿಲ್ಲದೆ ಮತ್ತೆ ನನ್ನ ಮುಂದೆ ಬರ್ಬೇಡಿ. ಹೂಂ, ಹೊಸ ಶೀರ್ಷಿಕೆ ಹೇಳಿ."

ಮೇಧಾ ರೂಢಿಯಂತೆ ಗುರುಗಳತ್ತ ನೋಡಿದಳು. ಶೀರ್ಷಿಕೆಯಿಂದ ಅಲ್ಪವಿರಾಮದವರೆಗೆ ಆರು ವರ್ಷ ಎಲ್ಲವನ್ನೂ ತಿದ್ದಿದವರು ಅವರು. ಈ ಸಲ ಚಕ್ರಪಾಣಿ ಬಾಯಿ ತೆರೆಯಲಿಲ್ಲ, ನೀನೇ ಹೇಳು ಎನ್ನುವಂತೆ ತಲೆಯಾಡಿಸಿದರು.

"ಆಕ್ಸೈಡ್ ಹರಳುಗಳನ್ನು ಪಕ್ಕದಿಂದ ಮಾತ್ರ ಒತ್ತಿದಾಗ ಅವುಗಳ ಡೈಎಲೆಕ್ಟ್ರಿಕ್ ಗುಣದಲ್ಲಾಗುವ ಬದಲಾವಣೆ" ಎಂದಳು.

ಮುನಿರಾಮಯ್ಯನವರು ಬರೆದುಕೊಂಡರು. "ಗೈಡ್ ಹೆಸರು? ಇವರು ಈ ತಿಂಗಳು ರಿಟೈರ್ ಆಗ್ತಾರಲ್ಲ. ಹೊಸಬರು ಯಾರು?"

"ಹೊಸಬರು ಯಾರಾದ್ರೂ ಬರ್ಲಿ ಸಾರ್. ನಮ್ಮ ಸಾರ್ ಹೆಸರು ಸಹ-ಮಾರ್ಗದರ್ಶಕರು ಅಂತ ಇರ್ಲೇಬೇಕು."

"ಆರು ವರ್ಷ ಬೇಯಿಸೋಕೆ ಹಚ್ಚಿ, ಕೊನೆಗೆ ಸ್ಕ್ರೂ ಬಿಗಿ ಮಾಡಿ ಹಾಳುಮಾಡಿದೋರ ಹೆಸರಾ?"

"ಅವರು ಬಿಗಿ ಮಾಡದೇ ಇದ್ದಿದ್ರೆ ನಾನು ಇನ್ನೂ ಆರು ವರ್ಷ ಬೇಯಿಸ್ತಾನೇ ಇರ್ತಿದ್ದೆ ಸಾರ್."

ಲ್ಯಾಬೆಲ್ಲ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಚಕ್ರಪಾಣಿ. ನಗುತ್ತಾ ನಗುತ್ತಾ ಕನ್ನಡಕ ತೆಗೆದು, ಕಿಟಕಿಯ ಕಡೆ ತಿರುಗಿ, ಕಣ್ಣೊರೆಸಿಕೊಳ್ಳಲು ಪಂಚೆಯ ಅಂಚೆಂದು ತಿಳಿದು ಪ್ಯಾಂಟಿನ ಪಕ್ಕೆಯನ್ನೇ ತಡಕಾಡಿದರು. ಮೇಧಾ ತನ್ನ ಕರ್ಚೀಫು ಅವರ ಕೈಗಿಟ್ಟಳು.

"ಜನವರಿಯಿಂದ ನಂಗೆ ಐಡಿ ಕಾರ್ಡ್ ಇರಲ್ಲ ಕಣಮ್ಮ" ಎಂದರು ಅವರು ಮೂಗೊರೆಸಿಕೊಳ್ಳುತ್ತಾ, ಅವಳಿಗೆ ಮಾತ್ರ ಕೇಳಿಸುವಂತೆ. "ಗೇಟಲ್ಲಿ ಒಳಗೆ ಬಿಡ್ತಾರಾ?"

"ನಾನು ಗೇಟಿಗೇ ಬಂದು ಕರ್ಕೊಂಡು ಹೋಗ್ತೀನಿ ಸಾರ್" ಎಂದಳು ಮೇಧಾ.